ಟಚ್ ಕಿತ್ತು ನಾಬ್ ಹಾಕಿದೆ

"ಈ ಕಾಲದಲ್ಲಿ ನಾಬ್ ಯಾರಿಗೆ ಬೇಕು ಮಾರಾಯ?" ಅಂತ ನನ್ನ ಬಟ್ಟೆ ಒಣಗಿಸುವ ಬೀರುವಿನ ಪ್ಯಾನೆಲ್ ನೋಡಿ ಶಿವಮೊಗ್ಗದ ಗೆಳೆಯ ನಕ್ಕಿದ್ದ. ಈ ಮಳೆಗಾಲ ಅವನೇ ಎರಡು ಪ್ಯಾನೆಲ್ ಮಾಡಿಸಿಕೊಂಡು ಹೋದ. ಅದಕ್ಕೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಹತ್ತಿರದ ನಮ್ಮನೆಯಲ್ಲಿ ಪುನರ್ವಸು ಮಳೆ ಹಿಡಿದರೆ ಬಟ್ಟೆ ವಾರವಾದರೂ ಒಣಗುವುದಿಲ್ಲ. ಹಳೇ ಕಬ್ಬಿಣದ ಬೀರುವಿಗೆ ಹೀಟರ್, ಫ್ಯಾನ್, ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟ್ ಕೂರಿಸಿದೆ. ಅದು ಎರಡು ದಿನದ ಕೆಲಸ. ಅಮ್ಮನ ಕೈಗೆ ಒಗ್ಗುವ ಪ್ಯಾನೆಲ್‌ಗೆ ಎರಡು ಮಳೆಗಾಲ ಹಿಡಿಯಿತು.

ಮೊದಲು ಗಾಜಿನ ಟಚ್ ಪ್ಯಾನೆಲ್. ಹತ್ತಿರಹತ್ತಿರ 4,000 ರೂಪಾಯಿ. ಅಮ್ಮ ಬಟ್ಟೆ ಹಿಂಡಿದ ಒದ್ದೆ ಕೈಯಲ್ಲೇ ಮುಟ್ಟುತ್ತಾಳೆ. ಒಮ್ಮೊಮ್ಮೆ ಕೆಲಸ ಮಾಡದು. ಒಮ್ಮೊಮ್ಮೆ ಗಾಜಿನ ಮೇಲಿನ ನೀರಹನಿಯನ್ನೇ ಬೆರಳು ಅಂದುಕೊಂಡು ತಾನೇ ಆನ್!

ಆಮೇಲೆ ಎಷ್ಟು ಹೆಜ್ಜೆ ತಿರುಗಿತು ಅಂತ ಎಣಿಸುವ ನಾಬ್, ಅಂದರೆ ರೋಟರಿ ಎನ್‌ಕೋಡರ್, ಪುಟ್ಟ ಸ್ಕ್ರೀನ್. 2,500 ಹೋಯ್ತು. ಒಂದು ಹೆಜ್ಜೆ ತಿರುಗಿಸಿದರೆ ಮೂರು ಹೆಜ್ಜೆ ಓಡುತ್ತಿತ್ತು, ಅದನ್ನು ಕೋಡಿನಲ್ಲೇ ಸರಿ ಮಾಡಿದೆ. ಆದರೆ ಕರೆಂಟ್ ಹೋದರೆ ಸ್ಕ್ರೀನ್ ಕಪ್ಪು. ಸುತ್ತಿದಷ್ಟೂ ಸುತ್ತುವ ನಾಬು ಎಲ್ಲಿ ನಿಂತಿದೆ ಅಂತ ಯಾರಿಗೆ ಗೊತ್ತು?

ನಡುವೆ ಹಳೇ ಓವನ್ನಿನ ಸ್ಪ್ರಿಂಗ್ ಟೈಮರನ್ನೂ ಹಾಕಿ ನೋಡಿದೆ. ಅಮ್ಮನಿಗೆ ಭಾರೀ ಹಿಡಿಸಿತು. ಕರೆಂಟ್ ಹೋದ ದಿನ ಅದು ಮಾತ್ರ ಟಿಕ್ ಟಿಕ್ ಅಂತ ಸೊನ್ನೆಗೆ ಬಂದು ಕೂತಿತ್ತು. ಬಟ್ಟೆ ಹಸಿಹಸಿ.

ಕೊನೆಗೆ ಗೆದ್ದದ್ದು ನಾಲ್ಕು ಜಾಗದ ಸೆಲೆಕ್ಟರ್ ಸ್ವಿಚ್: ಬಂದ್, ಗಾಳಿ, ಬೆಚ್ಚಗೆ, ಬಿಸಿ. ಕೊಕ್ಕಿನಂಥ ಮೂತಿ ಇರೋ ನಾಬ್. ಕತ್ತಲಲ್ಲೂ ಬೆರಳಿಗೆ ಸಿಗಲಿ ಅಂತ ಎಂ-ಸೀಲಿನ ಬೊಟ್ಟು ಇಟ್ಟೆ, ಗಾಳಿಗೆ ಒಂದು, ಬೆಚ್ಚಗೆಗೆ ಎರಡು, ಬಿಸಿಗೆ ಮೂರು. ಪಕ್ಕದಲ್ಲಿ ದೊಡ್ಡ ಗುಂಡಿ. ಅದನ್ನು ಒತ್ತದೆ ಹೀಟರ್ ಶುರುವಾಗುವುದಿಲ್ಲ. ಕರೆಂಟ್ ಹೋಗಿ ಬಂದರೆ ದೀಪ ಮಿಟುಕುತ್ತಾ ಕಾಯುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಹೀಟರ್ ತಾನೇ ಬಿಸಿಯಾಗಬಾರದು, ಅಲ್ವಾ? 'ಬಿಸಿ'ಗೆ ತಿರುಗಿಸುವಾಗ ಮಾತ್ರ ನಾಬ್ ಸ್ವಲ್ಪ ಬಿಗಿ. ಅದು ಹೇಗೆ ಅಂತ ಹೇಳಲ್ಲ, ಹೊಟ್ಟೆಪಾಡು. ಇಡೀ ಪ್ಯಾನೆಲ್‌ಗೆ 800 ಚಿಲ್ಲರೆ.

ಕೆಲಸ ಮುಗಿದಾಗ ಕೂಗುವ ಬಜರಿನದು ಬೇರೆಯೇ ಕಥೆ. ಹಂಚಿನ ಮೇಲೆ ಮಳೆ ಬೀಳುವಾಗ ಅದರ ಕೀಂಯ್ ಅಮ್ಮನಿಗೆ ಕೇಳುವುದೇ ಇಲ್ಲ. ವಯಸ್ಸಾದ ಕಿವಿಗೆ ಮೊದಲು ತಪ್ಪುವುದೇ ಕೀರಲು ಸದ್ದು. ಕರೆಂಟ್ ಕೊಟ್ಟರೆ ಕಡ್ಡಿ ಬಡಿಯುವ ಸಣ್ಣ ಸೊಲೆನಾಯ್ಡ್‌ನಿಂದ ಹಿತ್ತಾಳೆ ಗಂಟೆ ಬಾರಿಸಿದೆ. ಚೆನ್ನಾಗಿ ಕೇಳಿತು, ಆದರೆ ಅಜ್ಜ ಪ್ರತಿ ಸಲ ಮಂಗಳಾರತಿ ಅಂತ ಎದ್ದು ಬರತೊಡಗಿದರು. ಈಗ ಕೊಟ್ಟಿಗೆಯಲ್ಲಿ ಬಿದ್ದಿದ್ದ ಮರದ ಗಂಟೆ ಹಾಕಿದ್ದೇನೆ. ಲೊಟ್ ಲೊಟ್ ಅನ್ನುತ್ತದೆ, ಹಿತ್ತಿಲಿಗೂ ಕೇಳುತ್ತದೆ.

ಆ್ಯಪ್ ಕೂಡ ಇದೆ, ಬೆಂಗಳೂರಿನ ತಮ್ಮನ ಹಟಕ್ಕೆ. ಮೊದಮೊದಲು ಅಲ್ಲಿಂದಲೇ ಆಫ್ ಮಾಡುವ ಹಾಗಿತ್ತು. ಒಂದು ದಿನ ಸುಮ್ನೆ ಪರೀಕ್ಷೆಗೆ ಅಂತ ಒತ್ತಿದ. ನಾಬ್ 'ಬಿಸಿ'ಯಲ್ಲೇ ಇದೆ, ಒಳಗೆ ತಣ್ಣಗೆ. ಕೆಟ್ಟೇಹೋಯ್ತು ಅಂತ ಅಮ್ಮ ಪ್ಲಗ್ ಕಿತ್ತಿಟ್ಟಳು. ಈಗ ಅವನಿಗೆ ನೋಡಲು ಮಾತ್ರ ಬಿಟ್ಟಿದ್ದೇನೆ. ಬಟ್ಟೆ ಒಣಗಿದ್ದು ಗೊತ್ತಾದರೆ ಅಮ್ಮನಿಗೆ ಫೋನ್ ಮಾಡುತ್ತಾನೆ. ಅಷ್ಟೊತ್ತಿಗೆ ಅವಳು ಮಡಚಿಟ್ಟಾಗಿರುತ್ತದೆ.