‘ಚಲೋ ಅದ್ರಿ’ ಅಂದರೆ ಸಾಲದು

ಪುಸ್ತಕ ವಾಪಸ್ ಕೊಡಲು ಬಂದವರನ್ನು ‘ಹೆಂಗಿತ್ತು?’ ಅಂತ ಕೇಳಿದರೆ ನಮ್ಮ ಕಡೆ ಒಂದೇ ಉತ್ತರ: ‘ಚಲೋ ಅದ್ರಿ.’ ಕಾದಂಬರಿ ಇರಲಿ, ಎಸ್‌ಡಿಎ ಪರೀಕ್ಷೆಯ ಗೈಡ್ ಇರಲಿ, ಆಡು ಸಾಕಣೆಯ ಪುಸ್ತಕ ಇರಲಿ, ಎಲ್ಲವೂ ಚಲೋ. ಪೂರ್ತಿ ಓದಿದವರು ಹೀಗೇ ಹೇಳುತ್ತಾರೆ, ಅರ್ಧಕ್ಕೇ ಬಿಟ್ಟವರೂ ಹೀಗೇ ಹೇಳುತ್ತಾರೆ, ಬಿಚ್ಚಿಯೂ ನೋಡದವರು ಇನ್ನೂ ಜೋರಾಗಿ ಹೇಳುತ್ತಾರೆ.

ಸೇಡಂ ತಾಲ್ಲೂಕಿನ ಒಂದು ಊರಿನಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತಿದೆ, ಊರವರ ಬಾಯಲ್ಲಿ ಮಾತ್ರ ಇನ್ನೂ ‘ಲೈಬ್ರರಿ’. ಯಾವ ಪುಸ್ತಕ ಎಷ್ಟು ಸಲ ಹೊರಗೆ ಹೋಯಿತು ಅಂತ ರಿಜಿಸ್ಟರ್ ಹೇಳುತ್ತದೆ. ಮನೆಗೆ ಹೋದ ಮೇಲೆ ಅದನ್ನು ಯಾರಾದರೂ ಓದಿದರೋ, ಇಲ್ಲ ಟಿ.ವಿ. ಪಕ್ಕದಲ್ಲಿ ಸುಮ್ನೆ ಕೂತು ಬಂತೋ, ಅದನ್ನು ಹೇಳುವುದಿಲ್ಲ. ಹೊಸ ಪುಸ್ತಕಗಳ ಪಟ್ಟಿ ಕೊಡಬೇಕಾದಾಗ ನನಗೆ ಬೇಕಿದ್ದದ್ದು ಇದೇ ಸಂಗತಿ. ಹಾಗಾಗಿ ಓದಿದವರ ಮಾತಿಗೇ ಒಂದು ಬೇರೆ ವಹಿ ಇಟ್ಟೆ.

ಮೊದಲು ಬದಲಾಯಿಸಿದ್ದು ಕೇಳುವ ರೀತಿಯನ್ನು. ‘ಪೂರ್ತಿ ಓದಿದ್ರಾ?’ ಅಂದರೆ ಮಾಸ್ತರು ಹೋಮ್‌ವರ್ಕ್ ಕೇಳಿದ ಹಾಗೆ ಆಗುತ್ತದೆ, ಜನ ಸುಳ್ಳು ಹೇಳುತ್ತಾರೆ. ‘ಎಲ್ಲಿ ತನಕ ಬಂದ್ರಿ?’ ಅಂದರೆ ಸುಳ್ಳು ಹೇಳುವ ಪ್ರಸಂಗವೇ ಬರುವುದಿಲ್ಲ. ಪುಟ ತೆಗೆದು ತೋರಿಸುತ್ತಾರೆ. ಅಲ್ಲಿ ಯಾಕೆ ನಿಂತಿತು ಅಂತ ತಾವೇ ಶುರು ಮಾಡುತ್ತಾರೆ. ಎರಡನೆಯ ಪ್ರಶ್ನೆ, ‘ಇದನ್ನ ಇನ್ನ್ಯಾರಿಗೆ ಕೊಡ್ಲಿ?’ ತನಗೆ ಹಿಡಿಸದ ಪುಸ್ತಕಕ್ಕೂ ಇದಕ್ಕೆ ಉತ್ತರ ಬರುತ್ತದೆ: ‘ನಮ್ಮ ಕಾಕಾಗ ಕೊಡ್ರಿ, ಅವರಿಗಿ ಇಂಥದ್ದೇ ಬೇಕು.’ ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಅಂತ ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ್ದರಲ್ಲ, ನಮ್ಮೂರಲ್ಲಿ ಅದು ಕಾಕಾನ ಮೂಲಕ ನಡೆಯುತ್ತದೆ. ಮೂರನೆಯದು ಪ್ರಶ್ನೆಯೇ ಅಲ್ಲ, ಸುಮ್ಮನಿರುವುದು. ತಾರೀಖಿನ ಸೀಲು ಹುಡುಕುವ ನೆಪದಲ್ಲಿ ಸ್ವಲ್ಪ ತಡ ಮಾಡಬೇಕು. ಆಗ ಬರುವ ಮಾತೇ ಅಸಲಿ.

ವಹಿಯಲ್ಲಿ ಹೆಸರು ಹಾಕುವುದಿಲ್ಲ. ‘ಗೌಂಡಿ’, ‘ಬಿ.ಎ. ಹುಡುಗಿ’, ‘ಹೊಲ ಅದ, ಟೈಮಿಲ್ಲ’, ಹೀಗೆ ಗುರುತು ಅಷ್ಟೇ. ಮಾತನ್ನು ಆಡಿದ ಹಾಗೇ ಬರೆಯುತ್ತೇನೆ. ತಿದ್ದಿ ತೀಡಿ ಬರೆದರೆ ಎಲ್ಲರ ಅಭಿಪ್ರಾಯವೂ ನನ್ನದೇ ಆಗಿಬಿಡುತ್ತದೆ. ನಂಬರು, ನಕ್ಷತ್ರ ಯಾವುದೂ ಇಲ್ಲ. ಮುಖ ಪರಿಚಯ ಇರುವ ಊರಲ್ಲಿ ಎಲ್ಲರೂ ಐದಕ್ಕೆ ಐದೇ ಕೊಡುತ್ತಾರೆ, ಅಲ್ವಾ?

ಈ ವಹಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ. 1967ರ ಪುಸ್ತಕ, ಕೈಯಲ್ಲಿ ಹಿಡಿದರೇ ಭಾರ. ‘ಎಲ್ಲಿ ತನಕ ಬಂದ್ರಿ’ ಅಂದಾಗ ಬಹಳ ಜನ ಮೊದಲ ನೂರು ಪುಟದ ಒಳಗೇ ಬೆರಳಿಡುತ್ತಿದ್ದರು. ಗೌಂಡಿಯೊಬ್ಬರ ಮಾತು ಹೀಗಿದೆ: ‘ಮಂದಿ ಭಾಳ ಆಗ್ಯಾರ್ರಿ. ಯಾರು ಯಾರಿಗಿ ಏನಾಗಬೇಕು ಅಂತ ತಿಳಿಯಂಗಿಲ್ಲ.’ ಅದೇ ಪುಸ್ತಕವನ್ನು ಒಬ್ಬ ಆಶಾ ಕಾರ್ಯಕರ್ತೆ ಕೊನೆ ತನಕ ಓದಿದರು. ಹೇಗೆ ಅಂದೆ. ಮನೆ ಮನೆ ಸರ್ವೆ ಮಾಡುವ ಅಕ್ಕ ಅವರು. ಒಂದು ಹಾಳೆಯಲ್ಲಿ ಯಾವ ಮನೆ, ಆ ಮನೆಯಲ್ಲಿ ಯಾರ್ಯಾರು, ಯಾರ ಆಳು ಯಾರು ಅಂತ ಪಟ್ಟಿ ಮಾಡಿಕೊಂಡಿದ್ದರು. ‘ಸರ್ವೇದಾಂಗ ಬರಕೊಂಡೆ ನೋಡ್ರಿ, ಹಗುರ ಆಯ್ತು.’ ಆ ಹಾಳೆಯನ್ನು ಬೇಡಿ ತೆಗೆದುಕೊಂಡು ಪುಸ್ತಕದ ಒಳರಟ್ಟಿಗೆ ಅಂಟಿಸಿದೆ. ಆಮೇಲೆ ಬೆರಳಿಡುವ ಪುಟ ಮುಂದೆ ಮುಂದೆ ಹೋಯಿತು. ಮುಗಿಸಿ ಬಂದವರು ಮೊದಲು ಎತ್ತುವುದು ಗುತ್ತಿಯ ನಾಯಿ ಹುಲಿಯನ ವಿಷಯ. ಗುತ್ತಿ, ತಿಮ್ಮಿ ಎಲ್ಲ ಆಮೇಲೆ. ‘ಆ ನಾಯಿಗಿ ಹಂಗ ಮಾಡಬಾರದಿತ್ರಿ’ ಅಂತ ಕುವೆಂಪು ಅವರ ಮೇಲೇ ಸಿಟ್ಟಾದವರೂ ಇದ್ದಾರೆ.

ಆ ಹಾಳೆ ನೋಡಿದ ಮೇಲೆ ಬೇರೆ ಪುಸ್ತಕಗಳಿಗೂ ಕೊನೆಯಲ್ಲೊಂದು ಖಾಲಿ ಚೀಟಿ ಅಂಟಿಸಿದೆ. ಓದಿದವರು ಒಂದು ಮಾತು ಬರೆಯಲಿ ಅಂತ. ಅಲ್ಲಿ ಜಗಳ ಶುರುವಾಯಿತು! ಹಾರುವ ಓತಿಯನ್ನು ಹುಡುಕಿ ಹೊರಡುವ ಕಥೆ, ತೇಜಸ್ವಿ ಅವರ ‘ಕರ್ವಾಲೊ’; ಆ ಪುಸ್ತಕದ ಚೀಟಿಯಲ್ಲಿ ಪಿಯುಸಿ ಹುಡುಗನೊಬ್ಬ ಬರೆದ: ‘ಕಡೀಕ ಓತಿ ಕೈಗಿ ಸಿಗಂಗಿಲ್ಲ. ಓದಿದ್ದೆಲ್ಲಾ ದಂಡ.’ ಕೆಳಗೆ ಬೇರೆ ಕೈಬರಹ: ‘ಸಿಕ್ಕಿದ್ರ ಏನ್ ಮಾಡ್ತಿದ್ದಿ?’ ಅದರ ಕೆಳಗೆ ಮೂರನೆಯವರು: ‘ಮಂದಣ್ಣನಂಥವ ನಮ್ಮೂರಾಗೂ ಒಬ್ಬ ಇದ್ದಾನ.’ ಯಾರು ಅಂತ ಬರೆದಿಲ್ಲ, ಪುಣ್ಯ. ಮಳೆಗೇ ಬಾಯಿ ಬಿಡುವ ನಮ್ಮ ತೊಗರಿ ಸೀಮೆಯಲ್ಲಿ ಮಲೆನಾಡಿನ ಪುಸ್ತಕ ಇಷ್ಟು ಹರಿದುಹೋಗುವ ತನಕ ಓದುತ್ತಾರೆ ಅಂತ ನಾನಂತೂ ಎಣಿಸಿರಲಿಲ್ಲ.

ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ ಅಭಿಪ್ರಾಯ ಸರಿಯಾಗಿ ಎರಡು ಹೋಳಾಯಿತು. ನಮ್ಮ ಕಲಬುರಗಿಯವರು, ಇದಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಮಾತೆಲ್ಲ ನಮ್ಮದೇ. ಬಿ.ಎ. ಹುಡುಗಿ ಹೇಳಿದ್ದು: ‘ನಮ್ಮ ಆಯಿ ಮಾತಾಡಿದಂಗೇ ಅದ. ಮನ್ಯಾಗ ಜೋರಾಗಿ ಓದಿದೆ, ಆಯಿ ರೊಟ್ಟಿ ಬಡಿಯೋದು ಬಿಟ್ಟು ಕೂತಳು.’ ನಿವೃತ್ತ ಮಾಸ್ತರೊಬ್ಬರಿಗೆ ಮಾತ್ರ ಸರಿಬರಲಿಲ್ಲ: ‘ಓಣ್ಯಾಗಿನ ಬೈಗುಳ ಪುಸ್ತಕದಾಗೂ ಯಾಕ ಬೇಕು ತಂಗಿ?’ ಎರಡೂ ವಹಿಯಲ್ಲಿವೆ, ಒಂದರ ಕೆಳಗೆ ಒಂದು. ನಾನು ಹುಡುಗಿಯ ಕಡೆ. ಆದರೆ ಮಾಸ್ತರರ ಮಾತನ್ನು ಬಿಟ್ಟಿದ್ದರೆ ಈ ವಹಿಗೆ ಬೆಲೆ ಇರುತ್ತಿರಲಿಲ್ಲ.

ದಿನವಿಡೀ ಕೂರುವವರು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371 ಜೆ ಬಂದ ಮೇಲೆ ಇಲ್ಲಿ ಸರ್ಕಾರಿ ನೌಕರಿಯ ಆಸೆ ಜಾಸ್ತಿ. ಇವರು ಸಾಹಿತ್ಯ ಓದುವುದಿಲ್ಲ ಅಂತ ದೂರುವವರಿದ್ದಾರೆ. ನನ್ನ ಲೆಕ್ಕದಲ್ಲಿ ಇವರಷ್ಟು ಕಟ್ಟುನಿಟ್ಟಾಗಿ ಪುಸ್ತಕ ಪರೀಕ್ಷಿಸುವವರು ಬೇರೆ ಇಲ್ಲ. ಒಮ್ಮೆ ಎರಡು ಗೈಡ್ ಹಿಡಿದುಕೊಂಡು ಬಂದರು. ಒಂದರಲ್ಲಿ ‘ಕವಿರಾಜಮಾರ್ಗ’ ಬರೆದವನು ನೃಪತುಂಗ, ಇನ್ನೊಂದರಲ್ಲಿ ಶ್ರೀವಿಜಯ. ‘ಅಕ್ಕಾ, ಯಾವ್ದು ಖರೇ? ಒಂದು ಮಾರ್ಕಿನ ಪ್ರಶ್ನೆ ಅದ.’ ಆ ನೃಪತುಂಗನ ರಾಜಧಾನಿ ಮಾನ್ಯಖೇಟ ಅಂದರೆ ಇದೇ ನಮ್ಮ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಊರು. ಮೂಲ ಪುಸ್ತಕವನ್ನೇ ಕಪಾಟಿನಿಂದ ತೆಗೆದು, ‘ನೃಪತುಂಗದೇವಾನುಮತ’ ಅನ್ನುವ ಜಾಗ ತೋರಿಸಿದೆ. ರಾಜ ಒಪ್ಪಿದ್ದು, ಬರೆದದ್ದು ಶ್ರೀವಿಜಯ ಅಂತ ವಿದ್ವಾಂಸರು ಹೇಳುವುದನ್ನು ತಿಳಿಸಿದೆ. ಆ ಗೈಡಿನ ಚೀಟಿಯಲ್ಲಿ ಈಗ ಕೆಂಪು ಪೆನ್ನಿನಲ್ಲಿ ತಪ್ಪುಗಳ ಪಟ್ಟಿಯೇ ಇದೆ. ಮುಂದೆ ಒಯ್ಯುವವರು ಮೊದಲು ಅದನ್ನೇ ನೋಡುತ್ತಾರೆ.

ಸೋಮವಾರ ಎತ್ತು ಹೂಡುವುದಿಲ್ಲ. ಹಾಗಾಗಿ ಸೋಮವಾರ ಸಂಜೆ ಕಟ್ಟೆ ಮೇಲೆ ಒಂದಿಷ್ಟು ಜನ ಸೇರುತ್ತಾರೆ, ವಹಿಯಿಂದ ಓದುತ್ತೇನೆ. ತೊಗರಿ ರಾಶಿ ನಡೆಯುವಾಗ ಯಾರೂ ಬರುವುದಿಲ್ಲ, ನಾನೂ ಕರೆಯುವುದಿಲ್ಲ. ಭೈರಪ್ಪನವರ ‘ಪರ್ವ’ದ ಬಗ್ಗೆ ಮಾತು ಬಂದಾಗ ಭಜನೆ ಹಾಡುವ ಕಾಕಾ ಒಬ್ಬರು, ‘ಕೃಷ್ಣನ್ನ ಮನುಷ್ಯ ಮಾಡಿಬಿಟ್ಟಾರ’ ಅಂತ ಎದ್ದೇ ಹೋದರು. ಉಳಿದವರಲ್ಲಿ ಅಂಗನವಾಡಿ ಟೀಚರ್ ಅಂದದ್ದು: ‘ದ್ರೌಪದಿ ತನ್ನ ಮನಸಿಂದು ತಾನೇ ಹೇಳ್ಯಾಳಲ್ರಿ, ನನಗ ಅಷ್ಟು ಸಾಕು.’ ಪುಸ್ತಕ ಓದದವರೂ ಅವತ್ತು ಮಾತಾಡಿದರು. ಬೇಡ ಅನ್ನಲಿಲ್ಲ. ಮಹಾಭಾರತ ಗೊತ್ತಿಲ್ಲದವರು ಯಾರಿದ್ದಾರೆ?

ಓದಲು ಬರದವರ ಅಭಿಪ್ರಾಯಕ್ಕೂ ವಹಿಯಲ್ಲಿ ಜಾಗ ಇದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಪುಸ್ತಕದಿಂದ ಒಂದು ಪದ ಓದುತ್ತಿದ್ದೆ. ಮೂಲೆಯಲ್ಲಿದ್ದ ಮುತ್ಯಾ ಕೈ ಎತ್ತಿದರು. ‘ತಡಿ ತಂಗಿ, ಅಲ್ಲೊಂದು ನುಡಿ ಬಿಟ್ಟಾರ.’ ಕಣ್ಣು ಮುಚ್ಚಿ, ತೊಡೆ ತಟ್ಟುತ್ತ ಪೂರ್ತಿ ಹಾಡಿದರು. ಪುಸ್ತಕದಲ್ಲಿ ಇಲ್ಲದ ನಾಲ್ಕು ಸಾಲು ಬಂದವು. ಎರಡು ಕಡೆ ಸಾಲು ಹಿಂದು ಮುಂದು. ಪೆನ್ಸಿಲ್‌ನಲ್ಲಿ ಪುಟದ ಬದಿಗೆ ಅವನ್ನೆಲ್ಲ ಬರೆದುಕೊಂಡೆ. ಮುತ್ಯಾ ಶಾಲೆ ಕಂಡವರಲ್ಲ. ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’, ಅಂದರೆ ಓದು ಕಲಿಯದೆಯೂ ಕಾವ್ಯ ಬಲ್ಲವರು ಅಂತ ಅದೇ ‘ಕವಿರಾಜಮಾರ್ಗ’ 9ನೆಯ ಶತಮಾನದಲ್ಲಿ ಈ ನಾಡಿನವರ ಬಗ್ಗೆ ಹೇಳಿದ್ದು. ಪರೀಕ್ಷೆಯ ಹುಡುಗರಿಗೆ ಆ ಸಾಲು ಬಾಯಿಪಾಠ. ಅವತ್ತು ಮುತ್ಯಾನನ್ನು ನೋಡಿ ಒಬ್ಬ, ‘ಅಕ್ಕಾ, ಇವರೇನಾ ಅದು?’ ಅಂತ ಕೇಳಿದ. ಹೌದು ಅಂದೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಪುಸ್ತಕಕ್ಕಿಂತ ಮೊದಲು ಅಭಿಪ್ರಾಯಗಳೇ ಬಂದವು. ಒಂದು ಕಥೆಯನ್ನೂ ಓದದೆ ಹೊಗಳುವವರು, ಹಾಗೇ ತೆಗಳುವವರು. ಅವನ್ನು ಬರೆದುಕೊಳ್ಳಲಿಲ್ಲ. ಓದದೆ ಆಡಿದ ಮಾತನ್ನು ಮಹಾಭಾರತಕ್ಕೆ ಒಪ್ಪಬಹುದು, ಹೊಸ ಕಥೆಗಳಿಗೆ ಒಪ್ಪಲಾಗದು.

ಮಕ್ಕಳ ಹತ್ತಿರ ಈ ಪ್ರಶ್ನೆಗಳು ನಡೆಯುವುದಿಲ್ಲ. ಅವರು ಕಥೆಯನ್ನೇ ಪೂರ್ತಿ ಹೇಳಲು ಕೂರುತ್ತಾರೆ, ಸಂಜೆ ಬಾಗಿಲು ಹಾಕಲು ಬಿಡುವುದಿಲ್ಲ. ಅದೇ ಪುಸ್ತಕವನ್ನು ಇನ್ನೊಮ್ಮೆ ಕೇಳಿದರೆ ಒಂದು ಗೆರೆ ಹಾಕಿಕೊಳ್ಳುತ್ತೇನೆ, ಅದೇ ಅವರ ಅಭಿಪ್ರಾಯ.

ಈ ಸಲ ಪಟ್ಟಿ ಕಳಿಸುವಾಗ ಪ್ರತಿ ಪುಸ್ತಕದ ಮುಂದೆ ಯಾರು ಕೇಳಿದ್ದು, ಯಾಕೆ ಅಂತ ವಹಿಯ ಮಾತನ್ನೇ ಬರೆದೆ. ‘ಬದುಕು’ ಇನ್ನೊಂದು ಪ್ರತಿ, ದೊಡ್ಡ ಅಕ್ಷರದ ವಚನಗಳು, ತಪ್ಪು ಕಡಿಮೆ ಇರುವ ಗೈಡ್. ಆಡು ಸಾಕಣೆಯ ಪುಸ್ತಕಕ್ಕೆ ‘ಚಲೋ ಅದ್ರಿ’ ಅಂದಿದ್ದವರು ‘ಎಲ್ಲಿ ತನಕ ಬಂದ್ರಿ’ ಅಂದ ಕೂಡಲೇ ರೋಗಗಳ ಪಾಠಕ್ಕೆ ಬೆರಳಿಟ್ಟು, ‘ಬರೇ ಹೆಸರು ಅದಾವ್ರಿ, ಫೋಟೊ ಇಲ್ಲ. ಆಡಿಗಿ ಏನಾಗ್ಯಾದ ಅಂತ ಹ್ಯಾಂಗ ತಿಳೀಬೇಕು?’ ಅಂದಿದ್ದರು. ಅದರ ಮುಂದೆ ‘ಬಣ್ಣದ ಫೋಟೊ ಇರುವುದೇ ಬೇಕು’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ.