ತರಬೇತಿ ಫಲ ಕೊಟ್ಟಿತಾ? ನಾವು ಅಳೆದ ಬಗೆ

ಬೆಂಗಳೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ರೋಗ ಕಣ್ಗಾವಲಿನ ಬಗ್ಗೆ ಒಂದು ತರಬೇತಿ ನಡೆಯಿತು. ಒಂದೇ ಏರಿಯಾದಲ್ಲಿ ಡೆಂಗಿಯೋ ವಾಂತಿಭೇದಿಯೋ ಹೆಚ್ಚುತ್ತಿದ್ದರೆ ಬೇಗ ಗುರುತಿಸಬೇಕು, ವರದಿ ಮಾಡಬೇಕು, ಸ್ಥಳಕ್ಕೆ ಹೋಗಿ ಮೂಲ ಹುಡುಕಬೇಕು. ಇಷ್ಟೇ ಪಾಠ. ನಾನು ಕಮ್ಯುನಿಟಿ ಮೆಡಿಸಿನ್ ವೈದ್ಯೆ. ಪಾಠ ಮಾಡುವ ತಂಡದಲ್ಲಿ ನಾನಿರಲಿಲ್ಲ. ಆ ತರಬೇತಿಯಿಂದ ಕೆಲಸದಲ್ಲಿ ಏನಾದರೂ ಬದಲಾಯಿತಾ ಅಂತ ನೋಡುವುದು ನನ್ನ ಮತ್ತು ನನ್ನ ಜೊತೆಗಾರರ ಪಾಲಿಗೆ ಬಂತು.

ತರಬೇತಿಯನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದ ನಾಲ್ಕು ಹಂತಗಳನ್ನೇ ಇವತ್ತಿಗೂ ಜಾಸ್ತಿ ಬಳಸುತ್ತಾರೆ. ಬಂದವರಿಗೆ ಹಿಡಿಸಿತಾ, ಕಲಿತರಾ, ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿದ್ದಾರಾ, ಅದರಿಂದ ಫಲ ಸಿಕ್ಕಿತಾ. ಮೊದಲ ಎರಡು ಹಂತ ಸುಲಭ, ಕೊನೆಯ ದಿನ ಹಾಲ್‌ನಲ್ಲೇ ಮುಗಿಯುತ್ತದೆ. ರೋಗ ತಡೆಯುವ ಕೆಲಸದಲ್ಲಿ ನಮಗೆ ಬೇಕಾದ ಉತ್ತರ ಇರುವುದು ಮೂರನೆಯದರಲ್ಲಿ. ಅದಕ್ಕೆ ಕ್ಲಿನಿಕ್‌ಗೇ ಹೋಗಬೇಕು.

ಫೀಡ್‌ಬ್ಯಾಕ್ ಫಾರಂ ತೆಗೆದುಕೊಂಡೆವು, ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಕಲಿಕೆ ಅಳೆಯಲು ಮಾತ್ರ ಬಹು ಆಯ್ಕೆಯ ಪ್ರಶ್ನೆಗಳನ್ನು ಬಿಟ್ಟೆವು. ಬದಲಿಗೆ ಒಂದು ಕಾಲ್ಪನಿಕ ಅಪಾರ್ಟ್‌ಮೆಂಟ್ ಕಟ್ಟಿದೆವು. ಕಾವೇರಿ ನೀರು, ಟ್ಯಾಂಕರ್ ನೀರು ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಹಲವು ಮನೆಗಳಲ್ಲಿ ವಾಂತಿಭೇದಿ. ರೋಗಿ ಅಂತ ಯಾರನ್ನು ಲೆಕ್ಕಕ್ಕೆ ಹಿಡಿಯುತ್ತೀರಿ, ಬರೆಯಿರಿ. ಗ್ರಾಫ್ ಹಾಳೆಯಲ್ಲಿ ದಿನವಾರು ಕೇಸುಗಳನ್ನು ಗುರುತಿಸಿ. ಎಲ್ಲರಿಗೂ ಒಂದೇ ಮೂಲದಿಂದ ಒಂದೇ ಹೊತ್ತಿಗೆ ತಗುಲಿದ್ದರೆ ಗ್ರಾಫ್ ಸರ್ರನೆ ಏರಿ ಇಳಿಯುತ್ತದೆ. ಮೂಲ ಇನ್ನೂ ಮುಚ್ಚಿಲ್ಲ ಅಂದರೆ ಇಳಿಯದೆ ಎಳೆದುಕೊಂಡು ಹೋಗುತ್ತದೆ. ಇದನ್ನು ಓದಿ ಹೇಳಬಲ್ಲ ವೈದ್ಯರು ಸಂಪಿಗೆ ಯಾವಾಗ ಬೀಗ ಹಾಕಿಸಬೇಕು ಅಂತಲೂ ಹೇಳಬಲ್ಲರು. ತರಬೇತಿಗೆ ಮುಂಚೆ ಒಂದು ಸಲ, ಆಮೇಲೆ ಬೇರೆ ಅಂಕಿಗಳನ್ನು ಕೊಟ್ಟು ಇನ್ನೊಂದು ಸಲ ಮಾಡಿಸಿದೆವು. ಹೆಚ್ಚಿನವರು ಚೆನ್ನಾಗಿಯೇ ಕಲಿತಿದ್ದರು.

ಅಷ್ಟಕ್ಕೇ ವರದಿ ಬರೆದು ಮುಗಿಸಬಹುದಿತ್ತು. ಆದರೆ ತರಬೇತಿಗೆ ಬಂದ ವೈದ್ಯರಿಗೆ, ಅವರ ಹತ್ತಿರ ಬರುವ ರೋಗಿಗಳಿಗೆ ಅದರಿಂದ ನ್ಯಾಯ ಸಿಗುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನ್ನಿಸಿತು.

ಕ್ಲಿನಿಕ್‌ಗೆ ಹೋಗಿ ಅಳೆಯುವಾಗ ಮೊದಲ ತೊಡಕು ಮಳೆ. ತರಬೇತಿ ನಡೆದದ್ದು ಬೇಸಿಗೆಯಲ್ಲಿ. ಮುಂಗಾರು ಶುರುವಾದರೆ ಬೆಂಗಳೂರಿನಲ್ಲಿ ಡೆಂಗಿ ತಾನಾಗಿಯೇ ಏರುತ್ತದೆ, ವರದಿಗಳೂ ಏರುತ್ತವೆ. ಬರೀ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ನೋಡಿದರೆ ಮಳೆಯ ಲೆಕ್ಕವೂ ತರಬೇತಿಯ ಖಾತೆಗೇ ಸೇರುತ್ತದೆ. ಅದೃಷ್ಟಕ್ಕೆ ಎಲ್ಲರನ್ನೂ ಒಟ್ಟಿಗೆ ಕರೆಯುವಷ್ಟು ಜಾಗ ಇರಲಿಲ್ಲ, ಎರಡು ಬ್ಯಾಚ್ ಮಾಡಿದ್ದರು. ಎರಡನೇ ಬ್ಯಾಚಿಗೆ ಕಾಯುತ್ತಿದ್ದ ಕೇಂದ್ರಗಳನ್ನೇ ಹೋಲಿಕೆಗೆ ಇಟ್ಟುಕೊಂಡೆವು. ಮಳೆ ಇಬ್ಬರಿಗೂ ಒಂದೇ, ತರಬೇತಿ ಒಬ್ಬರಿಗೆ ಮಾತ್ರ. ಯಾರನ್ನೂ ಬೇಕಂತಲೇ ವಂಚಿಸಿದ ಹಾಗೂ ಆಗಲಿಲ್ಲ. ಇಂಥ ಮೌಲ್ಯಮಾಪನ ಮಾಡುವವರು ಬ್ಯಾಚ್ ಪಟ್ಟಿ ತಯಾರಾಗುವ ಮೊದಲೇ ಆ ಮೇಜಿನ ಹತ್ತಿರ ಹೋಗಿ ಕೂರಬೇಕು. ಯಾರು ಮೊದಲು ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಲು ಪಟ್ಟಿ ಮಾಡುವವರನ್ನು ಒಪ್ಪಿಸಬಹುದು.

ಕೇಂದ್ರಗಳಲ್ಲಿ ನಾವು ತೆರೆದದ್ದು ರಿಜಿಸ್ಟರುಗಳನ್ನು. ಮೊದಲು ನೋಡಿದ್ದು ಲ್ಯಾಬ್ ಚೀಟಿಯಲ್ಲಿ ಜ್ವರ ಶುರುವಾಗಿ ಎಷ್ಟನೇ ದಿನ ಅಂತ ಬರೆದಿದ್ದಾರಾ ಅಂತ. ಡೆಂಗಿಗೆ ಮೊದಲ 5 ದಿನ ವೈರಸ್ಸಿನ ಅಂಶ ಹುಡುಕುವ ಎನ್‌ಎಸ್1 ಪರೀಕ್ಷೆ, ಆಮೇಲೆ ದೇಹದ ಪ್ರತಿಕಾಯ ಹುಡುಕುವ ಐಜಿಎಂ. ದಿನ ಬರೆಯದಿದ್ದರೆ ಯಾವ ಪರೀಕ್ಷೆ ಮಾಡಬೇಕು ಅಂತ ಟೆಕ್ನಿಷಿಯನ್‌ಗೆ ತಿಳಿಯುವುದಾದರೂ ಹೇಗೆ? ತರಬೇತಿ ಪಡೆದವರಲ್ಲಿ ಇದು ಎದ್ದು ಕಾಣುವಷ್ಟು ಸುಧಾರಿಸಿತ್ತು.

ಎರಡನೆಯದು ವಿಳಾಸ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಸಾಮಾನ್ಯವಾಗಿ ಕೆಲವು ನೂರು ಮೀಟರಿಗಿಂತ ದೂರ ಹಾರುವುದಿಲ್ಲ. ವಿಳಾಸ ಎರಡು ಬೀದಿ ತಪ್ಪಿದರೆ ಲಾರ್ವಾ ಹುಡುಕುವ ತಂಡ ಬೇರೆ ಯಾರದೋ ಡ್ರಮ್ಮು ಬಗ್ಗಿಸಿ ನೋಡಿಕೊಂಡು ಬರುತ್ತದೆ. ಸ್ಟೇಜು, ಬ್ಲಾಕು ಬಿಟ್ಟು ಬರೀ ‘5ನೇ ಕ್ರಾಸ್’ ಅಂದರೆ ನಮ್ಮೂರಲ್ಲಿ ಎಲ್ಲಿಗೆ ಹೋಗುವುದು? ಪಿಜಿಯಲ್ಲಿರುವ ಹುಡುಗರು ಆಧಾರ್‌ನಲ್ಲಿರುವ ಊರಿನ ವಿಳಾಸ ಕೊಡುತ್ತಾರೆ. ಕಟ್ಟಡದ ಕೆಲಸಕ್ಕೆ ಬಂದು ಶೆಡ್‌ನಲ್ಲಿರುವವರಿಗೆ ಬಾಗಿಲ ನಂಬರೇ ಇರುವುದಿಲ್ಲ. ಹಾಗಾಗಿ ವಿಳಾಸದ ಕಾಲಂ ತುಂಬಿದೆಯಾ ಅಂತ ಎಣಿಸಿದರೆ ಏನೂ ತಿಳಿಯುವುದಿಲ್ಲ. ಎಲ್ಲಾ ಕಡೆ ತುಂಬಿಯೇ ಇರುತ್ತದೆ. ನಾವು ಕೆಲವು ವಿಳಾಸಗಳನ್ನು ಚೀಟಿಯಲ್ಲಿ ಬರೆದುಕೊಂಡು, ಆ ಏರಿಯಾ ಗೊತ್ತಿಲ್ಲದ ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟೆವು. ಹೆಸರೂ ಇಲ್ಲ, ಕಾಯಿಲೆಯ ವಿವರವೂ ಇಲ್ಲ. ಫೋನ್ ಮಾಡದೆ ಮನೆ ಸಿಗುತ್ತದಾ? ಸಿಕ್ಕರೆ ವಿಳಾಸ ಪಾಸು.

ಇಲ್ಲಿ ಎರಡೂ ಗುಂಪುಗಳಲ್ಲಿ ಫಲಿತಾಂಶ ಹೆಚ್ಚು ಕಡಿಮೆ ಒಂದೇ. ತರಬೇತಿಯಿಂದ ವ್ಯತ್ಯಾಸವೇ ಆಗಿರಲಿಲ್ಲ.

ಯಾಕೆ ಅಂತ ತಿಳಿಯಲು ಓಪಿಡಿಯಲ್ಲಿ ಸುಮ್ನೆ ಒಂದು ಮೂಲೆಯಲ್ಲಿ ಕೂತೆವು. ಬೆಳಗಿನ ಸಾಲು ಬಾಗಿಲು ದಾಟಿ ಹೊರಗೆ ನಿಂತಿರುತ್ತದೆ. ವಿಳಾಸ ಬರೆದುಕೊಳ್ಳುವುದು ಚೀಟಿ ಕೊಡುವ ಕಿಟಕಿಯಲ್ಲಿ. ಅಲ್ಲಿ ಕೂತವರನ್ನು ತರಬೇತಿಗೆ ಯಾರೂ ಕರೆದಿರಲಿಲ್ಲ. ರೋಗಗಳ ವರದಿ ಕಳಿಸಲು ಇರುವ ಕೇಂದ್ರ ಸರ್ಕಾರದ ಐಎಚ್‌ಐಪಿ ವೇದಿಕೆ ಶುರುವಿನಲ್ಲೇ, ಅಂದರೆ 2018ರಲ್ಲೇ, ಬಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಅದರಲ್ಲಿ ವೈದ್ಯರು ಶಂಕಿತ ಕೇಸುಗಳನ್ನು ಪಿ ಫಾರಂನಲ್ಲಿ ಕೊಡಬೇಕು, ಲ್ಯಾಬು ಎಲ್ ಫಾರಂನಲ್ಲಿ. ನಾವು ನೋಡಿದ ಎಷ್ಟೋ ಕಡೆ ಅದನ್ನು ನಿಜವಾಗಿ ಟೈಪ್ ಮಾಡುವುದು ಡೇಟಾ ಎಂಟ್ರಿಯವರು, ಮಧ್ಯಾಹ್ನದ ಮೇಲೆ, ಚೀಟಿಯಲ್ಲಿ ಏನಿದೆಯೋ ಅದನ್ನೇ. ಜ್ವರದ ದಿನ ಬರೆಯುವುದು ವೈದ್ಯರ ಕೈಯಲ್ಲಿತ್ತು, ಬದಲಾಯಿತು. ವಿಳಾಸ ಅವರ ಕೈಯಲ್ಲಿರಲಿಲ್ಲ. ವೈದ್ಯರಿಗೆ ಇನ್ನೆಷ್ಟು ಪಾಠ ಮಾಡಿದರೂ ಅದು ಬದಲಾಗುವಂಥದ್ದಲ್ಲ.

ಫಲದ ಹಂತಕ್ಕೆ ನಾವು ಡೆಂಗಿ ಸಾವುಗಳನ್ನಾಗಲಿ ಒಟ್ಟು ಕೇಸುಗಳನ್ನಾಗಲಿ ಮುಟ್ಟಲಿಲ್ಲ. ಅವು ಮಳೆ, ನೀರಿನ ಅಭಾವ, ವೈರಸ್ಸಿನ ಬಗೆ ಎಲ್ಲವನ್ನೂ ಅವಲಂಬಿಸಿವೆ. ಒಂದು ತರಬೇತಿಯನ್ನು ಅವುಗಳ ತಕ್ಕಡಿಯಲ್ಲಿ ಇಡುವುದು ಅನ್ಯಾಯ ಅಲ್ವಾ? ಬದಲಿಗೆ 7-1-7 ಗುರಿಯನ್ನು ತೆಗೆದುಕೊಂಡೆವು. ಹೊಸ ಹಾವಳಿಯನ್ನು 7 ದಿನದಲ್ಲಿ ಪತ್ತೆ ಹಚ್ಚುವುದು, 1 ದಿನದಲ್ಲಿ ತಿಳಿಸುವುದು, ಮುಂದಿನ 7 ದಿನದಲ್ಲಿ ತಡೆಯುವ ಆರಂಭಿಕ ಕ್ರಮಗಳನ್ನು ಮುಗಿಸುವುದು. ತಿಳಿಸುವ ಆ 1 ದಿನ ತರಬೇತಿ ಪಡೆದ ಕೇಂದ್ರಗಳಲ್ಲಿ ಚುರುಕಾಗಿತ್ತು. ಕ್ರಮ ಮಾತ್ರ ವಿಳಾಸ ಸಿಗದೆ ನಿಂತಿತ್ತು.

ವರದಿಯನ್ನು ಚಿಕ್ಕದಾಗಿ, ಕನ್ನಡದಲ್ಲಿ ಬರೆದೆವು. ಕೇಂದ್ರದ ಎಲ್ಲರೂ ಓದಬೇಕಿತ್ತು. ಎರಡನೇ ಬ್ಯಾಚಿಗೆ ಪ್ರತಿ ಕೇಂದ್ರದಿಂದ ವೈದ್ಯರ ಜೊತೆ ಟೆಕ್ನಿಷಿಯನ್ ಮತ್ತು ಚೀಟಿ ಕಿಟಕಿಯವರೂ ಬಂದರು. ಕಿಟಕಿಯಲ್ಲಿ ಈಗ ಕೇಳುವ ಪ್ರಶ್ನೆ ‘ಕಳೆದ ವಾರ ರಾತ್ರಿ ಎಲ್ಲಿ ಮಲಗಿದ್ದಿರಿ, ಹತ್ತಿರ ಏನಿದೆ’ ಅಂತ. ಈಡಿಸ್ ಕಚ್ಚುವುದು ಹಗಲು ಹೊತ್ತಿನಲ್ಲಿ. ಹಾಗಾಗಿ ‘ಹಗಲು ಎಲ್ಲಿರುತ್ತೀರಿ’ ಅನ್ನುವುದನ್ನೂ ಸೇರಿಸಿ ಅಂತ ಒಬ್ಬ ಟೆಕ್ನಿಷಿಯನ್ ಹೇಳಿದರು. ಅದನ್ನೂ ಸೇರಿಸಿದ್ದೇವೆ. ಮುಂದಿನ ಮುಂಗಾರಿನಲ್ಲಿ ಇದೇ ಚೀಟಿ ಪರೀಕ್ಷೆಯನ್ನು ಎರಡೂ ಗುಂಪುಗಳಲ್ಲಿ ಮತ್ತೆ ಮಾಡುತ್ತೇವೆ.