ತಲೆ ಅಲುಗಾಡದಂತೆ ನೋಡಿಕೊಳ್ಳುವ ಕೆಲಸ

ಎಂ.ಆರ್.ಐ. ಯಂತ್ರದಲ್ಲಿ ಮೆದುಳಿನ ಚಿತ್ರ ತೆಗೆದು, ಅದರ ಲೆಕ್ಕ ಹಾಕಿ ಸಂಶೋಧನೆ ಮಾಡುವುದು ನನ್ನ ಕೆಲಸ. ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಯೂನಿವರ್ಸಿಟಿಯ ಮೆಡಿಕಲ್ ಸ್ಕೂಲಿನಲ್ಲಿದ್ದೇನೆ. ಓದಿದ್ದು ಎಲೆಕ್ಟ್ರಾನಿಕ್ಸ್ ಬಿ.ಇ., ಆಮೇಲೆ ಬಯೋಮೆಡಿಕಲ್ ಇಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ರೋಗಿಗಳನ್ನು ನೋಡುವ ಡಾಕ್ಟರ್ ನಾನಲ್ಲ. ಇದನ್ನು ಊರಿನಲ್ಲಿ ಯಾರೂ ಒಪ್ಪುವುದಿಲ್ಲ. ಚಿಕ್ಕಪ್ಪ ವಾಟ್ಸಾಪಿನಲ್ಲಿ ಯಾರದ್ದಾದರೂ ಸ್ಕ್ಯಾನ್ ರಿಪೋರ್ಟ್ ಕಳಿಸುತ್ತಲೇ ಇರುತ್ತಾರೆ. ನನಗೆ ಹೇಳೋಕೆ ಬರಲ್ಲ ಚಿಕ್ಕಪ್ಪ ಅಂದರೆ, "ಇಷ್ಟು ವರ್ಷದಿಂದ ಬರೀ ಮೆದುಳೇ ನೋಡ್ತಿದ್ದೀಯಲ್ಲಮ್ಮ, ಇದೊಂದು ನೋಡೋಕಾಗಲ್ವಾ?" ಅನ್ನುತ್ತಾರೆ.

ಅವರ ಪ್ರಶ್ನೆ ನ್ಯಾಯವೇ. ಆದರೆ ನಾವು ತೆಗೆಯುವ ಚಿತ್ರ ಬೇರೆ. ಆಸ್ಪತ್ರೆಯ ಎಂ.ಆರ್.ಐ. ಮೆದುಳಿನ ಆಕಾರ ತೋರಿಸುತ್ತದೆ. ನಾವು ಬಳಸುವ ಫಂಕ್ಷನಲ್ ಎಂ.ಆರ್.ಐ. ಮೆದುಳಿನ ರಕ್ತದಲ್ಲಿ ಆಮ್ಲಜನಕ ಹೇಗೆ ಏರಿಳಿಯುತ್ತದೆ ಅಂತ ಅಳೆಯುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಯಸ್ಕಾಂತಕ್ಕೆ ಬೇರೆ ರೀತಿ ವರ್ತಿಸುತ್ತದೆ ಅಂತ 1936ರಲ್ಲೇ ಗೊತ್ತಾಗಿತ್ತು. ಅದನ್ನೇ ಹಿಡಿದು ಮೆದುಳಿನ ಚಟುವಟಿಕೆ ನೋಡಬಹುದು ಅಂತ 1990ರಲ್ಲಿ ತೋರಿಸಿದವರು ಜಪಾನಿನ ಸೇಜಿ ಒಗಾವಾ. ನೀವು ಬೆರಳು ಮಡಚಿದರೆ ಮೆದುಳಿನಲ್ಲಿ ಬೆರಳನ್ನು ನೋಡಿಕೊಳ್ಳುವ ಭಾಗಕ್ಕೆ ಜಾಸ್ತಿ ರಕ್ತ ಬರುತ್ತದೆ. ಅದು ಏರಿ ತುದಿ ಮುಟ್ಟಲು ಐದಾರು ಸೆಕೆಂಡ್ ಬೇಕು. ನಮಗೆ ಸಿಗುವ ವ್ಯತ್ಯಾಸ ನೂರಕ್ಕೆ ಒಂದೆರಡು ಭಾಗ ಮಾತ್ರ. ಪತ್ರಿಕೆಗಳಲ್ಲಿ ಕೆಂಪು, ಹಳದಿ ಹೊಳೆಯುವ ಮೆದುಳು ನೋಡಿರುತ್ತೀರಲ್ಲ, ಅದು ಫೋಟೋ ಅಲ್ಲ. ಈ ಒಂದೆರಡು ಭಾಗದ ಮೇಲೆ ಮಾಡಿದ ಅಂಕಿಅಂಶದ ಲೆಕ್ಕಕ್ಕೆ ಬಣ್ಣ ಹಚ್ಚಿದ್ದು.

ಏನೂ ಮಾಡದೆ ಸುಮ್ನೆ ಮಲಗಿದವರ ಮೆದುಳನ್ನು ನೋಡುವುದು ನನ್ನ ವಿಷಯ. ಇದು ಶುರುವಾದದ್ದೂ ಒಂದು ಮೆಡಿಕಲ್ ಸ್ಕೂಲಿನಲ್ಲೇ. ವಿಸ್ಕಾನ್ಸಿನ್ ಮೆಡಿಕಲ್ ಕಾಲೇಜಿನಲ್ಲಿ ಆಗ ವಿದ್ಯಾರ್ಥಿಯಾಗಿದ್ದ ಭರತ್ ಬಿಸ್ವಾಲ್ 1995ರಲ್ಲಿ ಒಂದು ವಿಷಯ ತೋರಿಸಿದರು. ಕೈ ಆಡಿಸದೆ ಮಲಗಿದ್ದಾಗಲೂ ಎಡಗೈ, ಬಲಗೈ ನೋಡಿಕೊಳ್ಳುವ ಎರಡು ಕಡೆಯ ಭಾಗಗಳು ಒಟ್ಟಿಗೇ ಏರಿಳಿಯುತ್ತವೆ. ಬಹಳ ಜನ ಅದನ್ನು ಅರ್ಥವಿಲ್ಲದ ಏರುಪೇರು ಅಂದುಕೊಂಡರು. ಈಗ ನಮ್ಮಂಥ ಎಷ್ಟೋ ಜನರ ಊಟ ಅದರಿಂದಲೇ ನಡೆಯುತ್ತಿದೆ.

ಈ ಕೆಲಸದ ದೊಡ್ಡ ಶತ್ರು ತಲೆ. ಒಳಗಿರುವುದಲ್ಲ, ಇಡೀ ತಲೆ ಅಲುಗಾಡುವುದು. ಮೆದುಳನ್ನು ನಾವು ಎರಡು-ಮೂರು ಮಿಲಿಮೀಟರಿನ ಸಣ್ಣ ಸಣ್ಣ ಘನಗಳಾಗಿ ಭಾಗ ಮಾಡಿ ಅಳೆಯುತ್ತೇವೆ. ಆ ಗೆರೆಗಳಿರುವುದು ಯಂತ್ರದ ಜಾಗದಲ್ಲಿ, ಮೆದುಳಿನ ಮೇಲಲ್ಲ. ಬದು ಅಲ್ಲೇ ಇದ್ದು ಗದ್ದೆಯೇ ಪಕ್ಕಕ್ಕೆ ಸರಿದ ಹಾಗೆ. ತಲೆ ಅರ್ಧ ಮಿಲಿಮೀಟರ್ ಸರಿದರೂ ಪಕ್ಕದವರ ಬೆಳೆ ನಮ್ಮ ಲೆಕ್ಕಕ್ಕೆ ಬಂದುಬಿಡುತ್ತದೆ. ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಮತ್ತೆ ಒಂದರ ಮೇಲೊಂದು ಕೂರಿಸಬಹುದು. ಆದರೂ ಅಲುಗಾಟದ ಗುರುತು ಪೂರ್ತಿ ಹೋಗುವುದಿಲ್ಲ.

ಇದು ಎಷ್ಟು ಮೋಸ ಮಾಡಬಲ್ಲದು ಅನ್ನುವುದಕ್ಕೆ ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಇದೆ. ಮಕ್ಕಳ ಮೆದುಳಿನಲ್ಲಿ ಹತ್ತಿರದ ಭಾಗಗಳ ನಡುವೆ ಸಂಬಂಧ ಜಾಸ್ತಿ, ದೂರದವುಗಳ ನಡುವೆ ಕಡಿಮೆ, ಬೆಳೆದಂತೆ ಇದು ತಿರುಗುಮುರುಗಾಗುತ್ತದೆ ಅಂತ ಕೆಲವು ವರ್ಷ ಎಲ್ಲರೂ ನಂಬಿದ್ದರು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ತಂಡವೊಂದು ಹಾಗೆ ಬರೆದಿತ್ತು. 2012ರಲ್ಲಿ ಅದೇ ತಂಡ, ತಲೆ ಸ್ವಲ್ಪ ಅಲುಗಾಡಿದರೂ ಥೇಟ್ ಇಂಥದ್ದೇ ಫಲಿತಾಂಶ ಬರುತ್ತದೆ ಅಂತ ತಾನೇ ತೋರಿಸಿತು. ಮಕ್ಕಳು ದೊಡ್ಡವರಿಗಿಂತ ಜಾಸ್ತಿ ಅಲುಗಾಡುತ್ತಾರೆ ಅನ್ನುವುದು ಯಾವ ತಾಯಿಗೆ ಗೊತ್ತಿಲ್ಲ ಹೇಳಿ? ಅದೇ ವರ್ಷ ಬೇರೆ ಎರಡು ತಂಡಗಳೂ ಇದನ್ನೇ ಹೇಳಿದವು. ತಮ್ಮ ಹಳೆಯ ಮಾತನ್ನು ತಾವೇ ಕೆಡವಿದ ಆ ಪ್ರಬಂಧದ ಮೇಲೆ ನನಗೆ ತುಂಬಾ ಗೌರವ. ನನ್ನ ಹತ್ತಿರ ಹೊಸದಾಗಿ ಸೇರುವವರಿಗೆ ಮೊದಲು ಓದಲು ಕೊಡುವುದು ಅದನ್ನೇ.

ಹಾಗಾಗಿ ನನ್ನ ದಿನ ಹೋಗುವುದು ಜನರನ್ನು ಅಲುಗಾಡದೆ ಮಲಗಿಸುವುದರಲ್ಲಿ. ಮಕ್ಕಳಿಗೆ ಮೊದಲು ಸುಳ್ಳು ಸ್ಕ್ಯಾನರಿನಲ್ಲಿ ಅಭ್ಯಾಸ. ಅದರಲ್ಲಿ ಅಯಸ್ಕಾಂತ ಇಲ್ಲ, ಬರೀ ಕೊಳವೆ, ಮಂಚ, ರೆಕಾರ್ಡ್ ಮಾಡಿದ ಸದ್ದು. ನಾವು ಚಿಕ್ಕವರಿದ್ದಾಗ ಬೀದಿಯಲ್ಲಿ ಆಡುತ್ತಿದ್ದ 'ಸ್ಟ್ಯಾಚ್ಯೂ' ಆಟವೇ ಅಲ್ಲಿ ನಡೆಯುವುದು. ನಿಜವಾದ ಯಂತ್ರದಲ್ಲಿ ತಲೆಯ ಎರಡೂ ಕಡೆ ಮೆತ್ತೆ ಒತ್ತುತ್ತೇವೆ. ಆಮೇಲೆ ಹಣೆಯ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಮೆಡಿಕಲ್ ಟೇಪ್ ಅಂಟಿಸಿ, ಎರಡು ತುದಿಯನ್ನೂ ಸಿಗ್ನಲ್ ಹಿಡಿಯಲು ತಲೆಯ ಸುತ್ತ ಇಟ್ಟಿರುವ ಕಾಯಿಲ್‌ಗೆ ಹಚ್ಚುತ್ತೇವೆ. ಟೇಪ್ ತಲೆಯನ್ನು ಕಟ್ಟಿಹಾಕುವುದಿಲ್ಲ. ತಲೆ ಸರಿದರೆ ಚರ್ಮ ಸ್ವಲ್ಪ ಎಳೆಯುತ್ತದೆ, ಮಲಗಿದವರಿಗೆ ತಾನೇ ಗೊತ್ತಾಗುತ್ತದೆ. ದುಬಾರಿ ಸಾಫ್ಟ್‌ವೇರುಗಳ ಜೊತೆ ಈ ಅಗ್ಗದ ಟೇಪನ್ನು ನಾನು ಯಾವತ್ತೂ ಬಿಡುವುದಿಲ್ಲ.

ಸಿನಿಮಾ ತೋರಿಸಿದರೆ ಮಕ್ಕಳು ಚೆನ್ನಾಗಿ ಮಲಗುತ್ತಾರೆ. ಆದರೆ ಸಿನಿಮಾ ನೋಡುವ ಮೆದುಳೇ ಬೇರೆ, ಸುಮ್ನೆ ಇರುವ ಮೆದುಳೇ ಬೇರೆ. ಆದ್ದರಿಂದ ಆಕಾರದ ಚಿತ್ರ ತೆಗೆಯುವಾಗ ಸಿನಿಮಾ, ವಿಶ್ರಾಂತಿಯ ಚಿತ್ರ ತೆಗೆಯುವಾಗ ಪರದೆ ಮೇಲೆ ಬರೀ ಒಂದು ಕೂಡಿಸುವ ಚಿಹ್ನೆ. ಕಂಟ್ರೋಲ್ ರೂಮಿನಲ್ಲಿ ಅಲುಗಾಟದ ಗ್ರಾಫ್ ಆಗಿಂದಾಗಲೇ ಬರುತ್ತಿರುತ್ತದೆ. ಒಳ್ಳೆಯ ನಿಮಿಷಗಳು ಸಾಕಷ್ಟು ಸಿಕ್ಕಿದ ಮೇಲೆಯೇ ನಿಲ್ಲಿಸುವುದು. ಇದರಲ್ಲೂ ಒಂದು ತಮಾಷೆ ಇದೆ. ಎದೆ ಉಸಿರಾಡಿದರೆ ಕಾಂತಕ್ಷೇತ್ರ ಸ್ವಲ್ಪ ಬದಲಾಗುತ್ತದೆ. ಆಗ ತಲೆ ಅಲ್ಲಾಡದಿದ್ದರೂ ಗ್ರಾಫಿನಲ್ಲಿ ಅಲ್ಲಾಡಿದ ಹಾಗೆ ಕಾಣುತ್ತದೆ. ಅದನ್ನು ಬೇರೆ ಮಾಡಿ ನೋಡದೆ ಒಳ್ಳೆಯ ಡೇಟಾ ಎಸೆದುಬಿಡುವವರೂ ಇದ್ದಾರೆ.

ಒಳಗೆ ಹೋಗುವ ಮೊದಲು ಲೋಹದ ತಪಾಸಣೆ. ನಮ್ಮದು 3 ಟೆಸ್ಲಾ ಯಂತ್ರ. ಭೂಮಿಯ ಕಾಂತಕ್ಷೇತ್ರಕ್ಕಿಂತ ಹತ್ತಾರು ಸಾವಿರ ಪಟ್ಟು ಬಲ, ರಾತ್ರಿ ಲೈಟ್ ಆರಿಸಿ ಹೋದರೂ ಅದು ಆರುವುದಿಲ್ಲ. ಪೇಸ್‌ಮೇಕರ್ ಇದೆಯಾ, ವೆಲ್ಡಿಂಗ್ ಕೆಲಸ ಮಾಡಿದ್ದೀರಾ, ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತಾ ಅಂತ ಒಂದೊಂದೇ ಕೇಳುತ್ತೇವೆ. ವಯಸ್ಸಾದವರ ಅಧ್ಯಯನವೊಂದಕ್ಕೆ ಮಗನ ಮನೆಯಲ್ಲಿದ್ದ ಕನ್ನಡದ ಅಮ್ಮ ಒಬ್ಬರು ಬಂದಿದ್ದರು. ಎಲ್ಲಾ ಸರಿ, ತಾಳಿ ಮಾತ್ರ ತೆಗೆಯಲ್ಲ ಅಂದರು. ಟೆಕ್ನಾಲಜಿಸ್ಟ್ ನನ್ನ ಮುಖ ನೋಡಿದಳು.

"ಚಿನ್ನ ಅಂಟಲ್ಲ ಅಮ್ಮ, ಆದರೆ ಸರ ಬಿಸಿಯಾಗಬಹುದು. ಚರ್ಮ ಸುಡುತ್ತೆ" ಅಂದೆ.

"ನೀನೂ ಹೆಣ್ಣುಮಗಳಲ್ವೇನಮ್ಮ?"

ನಾನು ಒತ್ತಾಯ ಮಾಡಲಿಲ್ಲ. ಬೇಡ ಅನ್ನುವ ಹಕ್ಕು ಅವರದ್ದು, ಫಾರಂನಲ್ಲೂ ಹಾಗೇ ಬರೆದಿದೆ. ಮುಂದಿನ ವಾರ ಅವರೇ ಫೋನ್ ಮಾಡಿ ಬಂದರು. ಕೊರಳಲ್ಲಿ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು! ಅದನ್ನು ಬರೆಯಲು ನಮ್ಮ ಫಾರಂನಲ್ಲಿ ಜಾಗ ಇರಲಿಲ್ಲ. ಲೋಹ ಅಲ್ಲ, ಬೇರು ಅಂತ ಟೆಕ್ನಾಲಜಿಸ್ಟ್‌ಗೆ ಹೇಳಿದೆ. ಆ ದಿನದ ಡೇಟಾದಲ್ಲಿ ಅವರಷ್ಟು ನಿಶ್ಚಲವಾಗಿ ಮಲಗಿದವರು ಯಾರೂ ಇಲ್ಲ.

ಹೊರಗೆ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಎಲ್ಲಾ ಸರಿಯಾಗಿದೆಯಾ?" ಇದಕ್ಕೆ ನನ್ನ ಉತ್ತರ ಮೊದಲೇ ಗೊತ್ತು ಮಾಡಿದ್ದು. ಇದು ಸಂಶೋಧನೆಯ ಸ್ಕ್ಯಾನ್, ರೋಗ ಪತ್ತೆಗೆ ಅಲ್ಲ, ಅನುಮಾನ ಬಂದರೆ ರೇಡಿಯಾಲಜಿ ಡಾಕ್ಟರು ನೋಡಿ ತಿಳಿಸುತ್ತಾರೆ. ಪರದೆಯ ಮೇಲೆ ಇರಬಾರದ ಜಾಗದಲ್ಲಿ ಬಿಳಿ ಮಚ್ಚೆ ಕಂಡಾಗಲೂ ಅದೇ ಮಾತು, ಅದೇ ಧ್ವನಿ. ಈ ಕೆಲಸದಲ್ಲಿ ಕಷ್ಟ ಅನ್ನಿಸುವುದು ಇದು. ಗಣಿತ ಅಲ್ಲ.

ಲೆಕ್ಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲಿನಕ್ಸ್, ಪೈಥಾನ್, ರಾತ್ರಿಯಿಡೀ ಓಡುವ ಪ್ರೋಗ್ರಾಂಗಳು. ಬೆಳಿಗ್ಗೆ ಬಂದು ಒಬ್ಬೊಬ್ಬರ ಚಿತ್ರವನ್ನೂ ಕಣ್ಣಾರೆ ನೋಡುತ್ತೇನೆ. ಹಣದ ವಿಷಯವೂ ಅಷ್ಟೇ. ಅಮೆರಿಕದ ಮೆಡಿಕಲ್ ಸ್ಕೂಲುಗಳಲ್ಲಿ ನಮ್ಮಂಥವರ ಸಂಬಳದ ಬಹುಪಾಲು ಗ್ರಾಂಟಿನಿಂದ ಬರುತ್ತದೆ. ಸ್ಕ್ಯಾನರಿಗೆ ಗಂಟೆಗೆ ನೂರಾರು ಡಾಲರ್ ಬಾಡಿಗೆ. ಅದೇ ಸೇಂಟ್ ಲೂಯಿಸ್‌ನಲ್ಲಿ ಕೆಲವರು ಬಾಡಿಗೆ ಕಡಿಮೆ ಅಂತ ಮಧ್ಯರಾತ್ರಿ ಮೇಲೆ ಸ್ಕ್ಯಾನರಿನಲ್ಲಿ ಮಲಗಿದರು. ಹತ್ತೇ ಜನ, ಆದರೆ ಒಬ್ಬೊಬ್ಬರದ್ದೂ ಗಂಟೆಗಟ್ಟಲೆ ಡೇಟಾ. 2017ರಲ್ಲಿ ಬಂದ ಆ ಕೆಲಸ, ಎಲ್ಲರ ಸರಾಸರಿ ತೆಗೆದರೆ ಕಾಣದ ವ್ಯತ್ಯಾಸಗಳು ಒಬ್ಬೊಬ್ಬರ ಮೆದುಳಿನಲ್ಲೂ ಇವೆ ಅಂತ ತೋರಿಸಿತು. ಇನ್ನೊಂದು ಕಡೆ, ಮೆದುಳಿನ ಚಿತ್ರದಿಂದ ಬುದ್ಧಿ, ಸ್ವಭಾವ ಹೇಳಬೇಕಾದರೆ ಸಾವಿರಾರು ಜನ ಬೇಕು ಅಂತ 2022ರ ಒಂದು ದೊಡ್ಡ ಅಧ್ಯಯನ ಹೇಳಿತು. ನಮ್ಮ ಕ್ಷೇತ್ರದ ಸಾಮಾನ್ಯ ಅಧ್ಯಯನದಲ್ಲಿ ಇರುತ್ತಿದ್ದವರು ಇಪ್ಪತ್ತೈದು ಜನ! ಇಪ್ಪತ್ತು-ಮೂವತ್ತು ಜನರನ್ನು ಅರ್ಧ ಗಂಟೆ ಸ್ಕ್ಯಾನ್ ಮಾಡಿ 'ಬುದ್ಧಿವಂತರ ಮೆದುಳು ಹೀಗಿರುತ್ತದೆ' ಅನ್ನುವ ಸುದ್ದಿ ಕಂಡರೆ ನಾನು ಪುಟ ತಿರುಗಿಸಿಬಿಡುತ್ತೇನೆ.

ಕರ್ನಾಟಕದಿಂದ ಬಿ.ಇ. ವಿದ್ಯಾರ್ಥಿಗಳು ಆಗಾಗ ಬರೆಯುತ್ತಾರೆ, ಇದಕ್ಕೆ ಹೇಗೆ ಬರುವುದು ಅಂತ. ಇಲ್ಲಿಗೇ ಬರಬೇಕು ಅಂತೇನಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 10,000 ಜನರನ್ನು ಗುರಿ ಇಟ್ಟುಕೊಂಡು, ವಯಸ್ಸಾದಂತೆ ಮೆದುಳು ಏನಾಗುತ್ತದೆ ಅಂತ ವರ್ಷಗಟ್ಟಲೆ ನೋಡುತ್ತಿದೆ. ಅದರಲ್ಲಿ ಎಂ.ಆರ್.ಐ. ಕೂಡ ಇದೆ. ನಮ್ಮ ಪುಸ್ತಕಗಳ 'ಸಾಮಾನ್ಯ ಮೆದುಳು' ಹೆಚ್ಚಾಗಿ ಅಮೆರಿಕ, ಯುರೋಪಿನವರದ್ದು. ಹಾಗಾಗಿ ಶ್ರೀನಿವಾಸಪುರದ ಮಾವಿನ ತೋಟದವರ ಆ ಡೇಟಾ ನನಗೆ ಇಲ್ಲಿಯ ಎಷ್ಟೋ ಡೇಟಾಗಿಂತ ಮುಖ್ಯ ಅನ್ನಿಸುತ್ತದೆ.

ಬರೆದವರಿಗೆ ಒಂದು ಕೆಲಸ ಕೊಡುತ್ತೇನೆ. ಮೆದುಳಿನ ಸ್ಕ್ಯಾನುಗಳನ್ನು ಎಲ್ಲರಿಗೂ ತೆರೆದಿಟ್ಟಿರುವ ಓಪನ್‌ನ್ಯೂರೋ ವೆಬ್‌ಸೈಟಿನಲ್ಲಿ ಡೇಟಾ ಉಚಿತ, ಅದನ್ನು ಲೆಕ್ಕಕ್ಕೆ ಸಿದ್ಧ ಮಾಡುವ ಎಫ್‌ಎಂಆರ್‌ಐಪ್ರೆಪ್‌ನಂಥ ಸಾಫ್ಟ್‌ವೇರ್ ಕೂಡ ಉಚಿತ. ಒಂದು ಸಣ್ಣ ಡೇಟಾಸೆಟ್ ಇಳಿಸಿಕೊಳ್ಳಿ. ಬಣ್ಣದ ಚಿತ್ರಕ್ಕೆ ಕೈ ಹಾಕುವ ಮೊದಲು ಅಲುಗಾಟದ ಗ್ರಾಫ್ ತೆಗೆದು ನೋಡಿ. ಯಾರನ್ನು ಇಟ್ಟುಕೊಳ್ಳುತ್ತೀರಿ, ಯಾರನ್ನು ಬಿಡುತ್ತೀರಿ, ಯಾಕೆ ಅಂತ ಒಂದು ಪುಟ ಬರೆದು ಕಳಿಸಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಆ ಪುಟ ಕಳಿಸಿದವರಿಗೆಲ್ಲ ನಾನು ಉತ್ತರ ಬರೆಯುತ್ತೇನೆ.